ಕೊನೆಯ ಪ್ಯಾರಾದಲ್ಲಿ ಸಾಯುವವರು

ನಮ್ಮ ವಯಸ್ಸಿನವರು ಬರೆಯುವ ಸಣ್ಣಕಥೆಗಳಲ್ಲಿ ಸಾಯುವವರ ಸಂಖ್ಯೆ ವಿಪರೀತವಾಗಿದೆ. ತಮಾಷೆಗೆ ಹೇಳುತ್ತಿಲ್ಲ. ಕಾಲೇಜು ಹುಡುಗ ಹುಡುಗಿಯರ ಕಥಾಸ್ಪರ್ಧೆಯೊಂದಕ್ಕೆ ಬರುವ ಕಥೆಗಳನ್ನು ಮೊದಲ ಸುತ್ತಿನಲ್ಲಿ ಓದಿ ಬೇರೆ ಮಾಡಿಕೊಡುವ ಕೆಲಸ ಎರಡು ವರ್ಷದಿಂದ ನನ್ನ ಪಾಲಿಗೆ ಬಂದಿದೆ. ಭದ್ರಾವತಿಯಿಂದ ಶಿವಮೊಗ್ಗಕ್ಕೆ ದಿನಾ ಓಡಾಡುವವಳು ನಾನು, ಹಾಗಾಗಿ ಬಸ್ಸಿನಲ್ಲೇ ಓದುತ್ತೇನೆ. ಮಾಚೇನಹಳ್ಳಿ ದಾಟುವಷ್ಟರಲ್ಲಿ ಒಬ್ಬ ನಾಯಕ ಬೈಕಿನಿಂದ ಬಿದ್ದು ಹೋಗಿರುತ್ತಾನೆ. ಮಲವಗೊಪ್ಪ ಬರುವ ಹೊತ್ತಿಗೆ ಇನ್ನೊಂದು ಕಥೆಯ ನಾಯಕಿಗೆ ಬ್ಲಡ್ ಕ್ಯಾನ್ಸರ್ ಇರುವುದು ಗೊತ್ತಾಗುತ್ತದೆ. ಶಿವಮೊಗ್ಗ ಬಸ್ ನಿಲ್ದಾಣದಲ್ಲಿ ಇಳಿಯುವಾಗ ಯಾರದೋ ಅಮ್ಮ, ಮಗ ಕೆಲಸದ ಆರ್ಡರ್ ಹಿಡಿದು ಬಾಗಿಲಿಗೆ ಬಂದ ಗಳಿಗೆಯಲ್ಲೇ ಕಣ್ಣು ಮುಚ್ಚಿರುತ್ತಾಳೆ. ಪ್ರೀತಿಯಲ್ಲಿ ಸೋತು ತಾವೇ ಜೀವ ಕಳೆದುಕೊಳ್ಳುವವರದ್ದು ಬೇರೆಯೇ ಕಟ್ಟು.

ಇವರೆಲ್ಲರಲ್ಲೂ ಒಂದು ಸಾಮ್ಯವಿದೆ. ಎಲ್ಲರೂ ಕೊನೆಯ ಪ್ಯಾರಾದಲ್ಲೇ ಸಾಯುತ್ತಾರೆ. ಅದರ ನಂತರ ಒಂದು ಚುಕ್ಕಿ, ಕಥೆಗಾರರ ಹೆಸರು, ತರಗತಿ, ಮೊಬೈಲ್ ನಂಬರು.

ಹೀಗೇಕೆ ಎಂದು ಕಥೆ ಬರೆಯುವ ಗೆಳತಿಯೊಬ್ಬಳನ್ನು ಕೇಳಿದೆ. 'ಮುಗಿಸೋದು ಹೇಗೆ ಅಂತ ಗೊತ್ತಾಗದಿದ್ರೆ ಸಾಯಿಸಿಬಿಡೋದು ಕಣೇ. ಆಮೇಲೆ ಯಾರೂ ಪ್ರಶ್ನೆ ಕೇಳಲ್ಲ' ಎಂದಳು. ಅವಳು ನಗುತ್ತಾ ಹೇಳಿದ್ದರಲ್ಲಿ ನನ್ನ ತಕರಾರೆಲ್ಲಾ ಇದೆ. ಸತ್ತ ಮೇಲೆ ಪ್ರಶ್ನೆಗಳು ನಿಲ್ಲುವ ಮನೆ ಯಾವುದಾದರೂ ಇದೆಯೇ? ನಾನು ನೋಡಿದ ಮಟ್ಟಿಗೆ ಪ್ರಶ್ನೆಗಳು ಶುರುವಾಗುವುದೇ ಅಲ್ಲಿಂದ. ಕಥೆಯಲ್ಲಿ ಸಾವು ಬೇಡ ಎಂದು ನಾನು ಹೇಳುತ್ತಿಲ್ಲ. ಅದು ಬರುವ ಜಾಗದ ಬಗ್ಗೆ ನನ್ನ ಮಾತು. ನಮ್ಮ ಶಿವಮೊಗ್ಗ ಜಿಲ್ಲೆಯ ನೆಲದಲ್ಲಿ ಹುಟ್ಟಿದ ದೊಡ್ಡ ಕಥೆಗಾರರನ್ನು ಓದಿದರೆ ಇದು ತಾನಾಗಿ ಕಾಣುತ್ತದೆ. ಅವರ ಪುಟಗಳಲ್ಲೂ ಸಾವಿಗೇನೂ ಕೊರತೆಯಿಲ್ಲ. ಆದರೆ ಅಲ್ಲಿ ಹೆಣ ಮೊದಲೇ ಬಿದ್ದಿರುತ್ತದೆ, ಕಥೆ ಆಮೇಲೆ ನಡೆಯುತ್ತದೆ.

ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯಲ್ಲಿ ಹುಟ್ಟಿದ ಯು.ಆರ್. ಅನಂತಮೂರ್ತಿಯವರ 'ಸಂಸ್ಕಾರ'ವನ್ನೇ ತೆಗೆದುಕೊಳ್ಳಿ. 1965ರಲ್ಲಿ ಬಂದ ಇದು ಕಾದಂಬರಿ, ಸಣ್ಣಕಥೆಯಲ್ಲ. ಆದರೂ ಉದಾಹರಣೆಗೆ ಇದಕ್ಕಿಂತ ಒಳ್ಳೆಯದು ಸಿಗುವುದಿಲ್ಲ. ನಾರಣಪ್ಪ ಶಿವಮೊಗ್ಗಕ್ಕೆ ಹೋಗಿ ಬಂದು ಜ್ವರದಿಂದ ಮಲಗುತ್ತಾನೆ, ನಾಲ್ಕೇ ದಿನಕ್ಕೆ ಸಾಯುತ್ತಾನೆ. (ನಮ್ಮ ಊರಿನ ಹೆಸರು ಕನ್ನಡದ ಇಷ್ಟು ದೊಡ್ಡ ಕೃತಿಯಲ್ಲಿ ಪ್ಲೇಗಿನ ಜೊತೆ ಬರುತ್ತದೆ ಎಂಬುದು ಶಿವಮೊಗ್ಗದವರು ಹೆಚ್ಚಾಗಿ ಹೇಳಿಕೊಳ್ಳದ ಸಂಗತಿ.) ಇದು ಪುಸ್ತಕದ ಶುರುವಿನಲ್ಲೇ ಆಗಿಹೋಗುತ್ತದೆ. ಮಿಕ್ಕದ್ದೆಲ್ಲಾ ಹೆಣ ಸುಡುವವರು ಯಾರು ಎಂಬ ಒಂದೇ ಪ್ರಶ್ನೆಯ ಸುತ್ತ ತಿರುಗುತ್ತದೆ. ಜಾತಿಯ ನಿಯಮ ಮೀರಿದ ಬ್ರಾಹ್ಮಣನ ಹೆಣ ಮುಟ್ಟಿದರೆ ಮೈಲಿಗೆ, ಬಿಟ್ಟರೆ ಅಗ್ರಹಾರಕ್ಕೆ ಅನ್ನ ನೀರು ಇಲ್ಲ. ಚಂದ್ರಿ ತನ್ನ ಒಡವೆ ಬಿಚ್ಚಿಟ್ಟ ಮೇಲೆ, ನಿನ್ನೆಯವರೆಗೆ ಹಿಂದೆ ಸರಿಯುತ್ತಿದ್ದವರ ಶಾಸ್ತ್ರಜ್ಞಾನವೇ ಬದಲಾಗುತ್ತದೆ. ನಾರಣಪ್ಪ ಸತ್ತು ಮಲಗಿಯೇ ಇಡೀ ಊರನ್ನು ಬಯಲಿಗೆಳೆಯುತ್ತಾನೆ. 1970ರ ಸಿನಿಮಾದಲ್ಲಿ ಆ ನಾರಣಪ್ಪನ ಪಾತ್ರ ಮಾಡಿದವರು ಇದೇ ಜಿಲ್ಲೆಯ ಕೊನಗವಳ್ಳಿಯ ಪಿ. ಲಂಕೇಶ್. ಒಬ್ಬ ಕಥೆಗಾರ ಇನ್ನೊಬ್ಬ ಕಥೆಗಾರನ ಹೆಣವಾಗಿ ಮಲಗಿದ್ದು ನನಗೆ ಈಗಲೂ ಖುಷಿ ಕೊಡುವ ಸಂಗತಿ.

ನಾರಣಪ್ಪನನ್ನು ಕೊನೆಯ ಪುಟದಲ್ಲಿ ಸಾಯಿಸಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿ. ಕುಡಿದು, ಮಾಂಸ ತಿಂದು, ಊರನ್ನು ಎದುರು ಹಾಕಿಕೊಂಡವನು ಪ್ಲೇಗಿಗೆ ಬಲಿಯಾದ ಎಂಬ ನೀತಿಕಥೆ ಆಗುತ್ತಿತ್ತು. ಅಥವಾ ಬಂಡಾಯಗಾರನ ದುರಂತ ಎಂದು ನಾವು ಕಣ್ಣೊರೆಸಿಕೊಳ್ಳುತ್ತಿದ್ದೆವು. ಎರಡರಲ್ಲೂ ಅಗ್ರಹಾರದವರು ಬಚಾವ್.

ಸಾವನ್ನು ಮೊದಲಿಗೆ ತರುವುದು ನಮ್ಮವರೇ ಕಂಡುಹಿಡಿದದ್ದೇನೂ ಅಲ್ಲ. ಟಾಲ್‌ಸ್ಟಾಯ್ 1886ರಲ್ಲಿ ಪ್ರಕಟಿಸಿದ 'ಇವಾನ್ ಇಲಿಚ್‌ನ ಸಾವು' ಶುರುವಾಗುವುದೇ ಅವನು ಸತ್ತ ಸುದ್ದಿಯನ್ನು ಸಹೋದ್ಯೋಗಿಗಳು ಪೇಪರಿನಲ್ಲಿ ಓದುವುದರಿಂದ. ಅವರ ತಲೆಗೆ ಮೊದಲು ಬರುವ ಯೋಚನೆ, ಖಾಲಿಯಾದ ಜಾಗಕ್ಕೆ ಯಾರಿಗೆ ಬಡ್ತಿ, ಯಾರಿಗೆ ವರ್ಗ ಎಂಬುದು. ಅದೇ ವರ್ಷ ಚೆಕಾಫ್ ಬರೆದ ಒಂದು ಪುಟ್ಟ ಕಥೆಯಲ್ಲಿ ಕುದುರೆಗಾಡಿ ಹೊಡೆಯುವ ಮುದುಕನ ಮಗ ಆಗಲೇ ಸತ್ತಿದ್ದಾನೆ. ಹಿಮ ಬೀಳುವ ರಾತ್ರಿಯೆಲ್ಲಾ ಮುದುಕ ಅದನ್ನು ಗಾಡಿ ಹತ್ತಿದವರಿಗೆಲ್ಲಾ ಹೇಳಲು ನೋಡುತ್ತಾನೆ, ಒಬ್ಬರೂ ಕೇಳಿಸಿಕೊಳ್ಳುವುದಿಲ್ಲ. ಕೊನೆಗೆ ಲಾಯದಲ್ಲಿ ತನ್ನ ಕುದುರೆಗೆ ಹೇಳುತ್ತಾನೆ. ಮಗ ಸಾಯುವುದನ್ನೇ ಚೆಕಾಫ್ ಉದ್ದಕ್ಕೆ ಬರೆದಿದ್ದರೆ ನಾವು ಅತ್ತು ಮರೆಯುತ್ತಿದ್ದೆವು. ಈಗ ಆಟೋದಲ್ಲಿ ಕೂತಾಗ ಡ್ರೈವರ್ ಏನೋ ಹೇಳಲು ಬಾಯಿ ತೆರೆದರೆ ನಾನು ಇಯರ್‌ಫೋನ್ ತೆಗೆಯುತ್ತೇನೆ.

ಕುಪ್ಪಳಿಯ ಮನೆತನದ ಪೂರ್ಣಚಂದ್ರ ತೇಜಸ್ವಿಯವರು ಇದನ್ನೇ ಪತ್ತೇದಾರಿ ದಾರಿಯಲ್ಲಿ ಮಾಡಿದರು. 1973ರಲ್ಲಿ ಬಂದ 'ಅಬಚೂರಿನ ಪೋಸ್ಟಾಫೀಸು' ಸಂಕಲನದಲ್ಲಿ 'ಕುಬಿ ಮತ್ತು ಇಯಾಲ' ಎಂಬ ಕಥೆಯಿದೆ. ಇಯಾಲ ಎಂಬ ಹೆಣ್ಣುಮಗಳು ಸತ್ತಿದ್ದಾಳೆ. ಅವಳು ಹೇಗೆ ಸತ್ತಳು ಎಂದು ಡಾಕ್ಟರ್ ಕುಬಿಗೆ ತಿಳಿಯಬೇಕು. ಊರಿಗೆ ಬೇಕಿಲ್ಲ. ಓದುತ್ತಾ ಓದುತ್ತಾ ನಮಗೆ ಕೊಲೆಗಾರನಿಗಿಂತ ಊರಿನ ಆ 'ಬೇಕಿಲ್ಲ'ವೇ ಹೆಚ್ಚು ಭಯ ಹುಟ್ಟಿಸುತ್ತದೆ.

ಇನ್ನು 'ಘಟಶ್ರಾದ್ಧ'. ಈ ಕಥೆಯ ಬಗ್ಗೆ ನಾನು ಸ್ವಲ್ಪ ಜಾಸ್ತಿಯೇ ಮಾತಾಡುತ್ತೇನೆ, ಕ್ಷಮಿಸಿ. ಇಲ್ಲಿ ಅನಂತಮೂರ್ತಿ ಮಾಡಿದ್ದು ಇನ್ನೂ ವಿಚಿತ್ರ. ಸಾಯದವಳ ಶ್ರಾದ್ಧ ಇಲ್ಲಿ ನಡೆಯುತ್ತದೆ. ವಿಧವೆ ಯಮುನಕ್ಕ ಬಸುರಾಗಿದ್ದಾಳೆ. ಅವಳ ಅಪ್ಪನ ಪಾಠಶಾಲೆಯಲ್ಲಿ ಓದುವ ಪುಟ್ಟ ಹುಡುಗನ ಕಣ್ಣಲ್ಲಿ ಎಲ್ಲಾ ಕಾಣಿಸುತ್ತದೆ, ಅವನಿಗೆ ಅರ್ಧವೂ ಅರ್ಥವಾಗುವುದಿಲ್ಲ. ಗುಟ್ಟು ಬಯಲಾದ ಮೇಲೆ ಹೆತ್ತ ಅಪ್ಪನೇ ಮಗಳು ಸತ್ತಳೆಂದು ಲೆಕ್ಕ ಹಾಕಿ ಮಡಕೆ ಒಡೆದು ಕರ್ಮ ಮಾಡಿ ಸಂಬಂಧ ಕಡಿದುಕೊಳ್ಳುತ್ತಾನೆ. ಘಟ ಎಂದರೆ ಮಡಕೆ. ಉಸಿರಾಡುತ್ತಿರುವ ಹೆಂಗಸನ್ನು ಊರು ಸತ್ತವರ ಪಟ್ಟಿಗೆ ಸೇರಿಸಲು ಬೇಕಾಗುವುದು ಒಂದು ಮಡಕೆ ಮತ್ತು ನಾಲ್ಕು ಮಂತ್ರ. ತೀರ್ಥಹಳ್ಳಿಯವರೇ ಆದ ಎಂ.ಕೆ. ಇಂದಿರಾ ಅವರ 'ಫಣಿಯಮ್ಮ'ನಲ್ಲೂ ಇದರ ಹತ್ತಿರದ್ದು ಇದೆ. ಬಾಲ್ಯದಲ್ಲೇ ಗಂಡ ಹಾವು ಕಚ್ಚಿ ಸಾಯುತ್ತಾನೆ, ಫಣಿಯಮ್ಮ ಬಹಳ ಕಾಲ ಬದುಕುತ್ತಾಳೆ. ಆ ಗಂಡ ನಮಗೆ ನೆನಪಿನಲ್ಲಿ ಉಳಿಯುವುದೂ ಇಲ್ಲ, ಆಮೇಲಿನ ವರ್ಷಗಳು ಉಳಿಯುತ್ತವೆ.

'ಘಟಶ್ರಾದ್ಧ'ವನ್ನು 1977ರಲ್ಲಿ ಸಿನಿಮಾ ಮಾಡಿದ ಗಿರೀಶ ಕಾಸರವಳ್ಳಿಯವರೂ ತೀರ್ಥಹಳ್ಳಿ ತಾಲ್ಲೂಕಿನವರೇ. ಅವರಿಗೆ ಸ್ವರ್ಣಕಮಲ ತಂದುಕೊಟ್ಟ ನಾಲ್ಕು ಚಿತ್ರಗಳಲ್ಲಿ ಮೂರು, 'ಘಟಶ್ರಾದ್ಧ', 'ತಬರನ ಕಥೆ' ಮತ್ತು 'ದ್ವೀಪ', ಈ ಜಿಲ್ಲೆಯಲ್ಲಿ ಹುಟ್ಟಿದವರ ಬರಹದಿಂದ ಬಂದವು. ಇದನ್ನು ಹೆಮ್ಮೆಗಾಗಿ ಹೇಳುತ್ತಿಲ್ಲ (ಸ್ವಲ್ಪ ಹೆಮ್ಮೆಗೂ ಇರಬಹುದು). ನಮ್ಮ ಸುತ್ತ ಎಂಥ ಸಾಮಗ್ರಿ ಬಿದ್ದಿದೆ, ಅದನ್ನು ನೋಡದೆ ನಾವು ಕಥೆಯ ನಾಯಕಿಗೆ ಸೀರಿಯಲ್ಲಿನ ಬ್ಲಡ್ ಕ್ಯಾನ್ಸರ್ ತರಿಸುತ್ತೇವಲ್ಲ ಎಂಬ ಹೊಟ್ಟೆಯುರಿಗೆ ಹೇಳುತ್ತಿದ್ದೇನೆ.

'ತಬರನ ಕಥೆ'ಗೆ ಬರುತ್ತೇನೆ. ತೇಜಸ್ವಿಯವರ ತಬರ ಕೆಳದರ್ಜೆಯ ಸರ್ಕಾರಿ ನೌಕರ, ನಿವೃತ್ತನಾಗಿದ್ದಾನೆ. ಹೆಂಡತಿಗೆ ಸಕ್ಕರೆ ಕಾಯಿಲೆ, ಕಾಲಿನ ಗಾಯ ಕೊಳೆಯುತ್ತಿದೆ. ಚಿಕಿತ್ಸೆಗೆ ದುಡ್ಡು ಬೇಕು. ದುಡ್ಡು ಪಿಂಚಣಿಯಲ್ಲಿದೆ. ಪಿಂಚಣಿ ಫೈಲಿನಲ್ಲಿದೆ. ಫೈಲು ಮೇಜಿನಿಂದ ಮೇಜಿಗೆ ಹೋಗುತ್ತಿದೆ. ಆ ಹೆಂಗಸು ಸತ್ತದ್ದು ಯಾವುದರಿಂದ ಎಂದು ಯಾರಾದರೂ ಕೇಳಿದರೆ ಸಕ್ಕರೆ ಕಾಯಿಲೆ ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ಸಿನಿಮಾದಲ್ಲಿ ತಬರನಾಗಿ ಚಾರುಹಾಸನ್ ಕಚೇರಿಯಿಂದ ಕಚೇರಿಗೆ ನಡೆಯುವುದನ್ನು ನೋಡಿದವರಿಗೆ ಗೊತ್ತು, ಅಲ್ಲಿ ಒಬ್ಬರೂ ಕೆಟ್ಟವರಿಲ್ಲ. ಎಲ್ಲರೂ ನಾಳೆ ಬಾ ಎನ್ನುತ್ತಾರೆ, ಅಷ್ಟೇ.

ಈ ಕಥೆಗೆ ಐವತ್ತು ವರ್ಷ ದಾಟಿದೆ. ಹಳೆಯದಾಯಿತು, ಈಗ ಎಲ್ಲಾ ಆನ್‌ಲೈನ್ ಎಂದು ನನ್ನ ತರಗತಿಯಲ್ಲೊಬ್ಬ ವಾದ ಮಾಡಿದ. ಅವನಿಗಾಗಿ ನಮ್ಮ ಬೀದಿಯ ಒಬ್ಬ ಅಜ್ಜನ ಸಂಗತಿ ಹೇಳುತ್ತೇನೆ. ಅಜ್ಜ ಮೂವತ್ತು ವರ್ಷದ ಹತ್ತಿರ ಮಾಚೇನಹಳ್ಳಿ ಕಡೆಯ ಒಂದು ಫೌಂಡ್ರಿಯಲ್ಲಿ ದುಡಿದವರು. ಮರಳು, ಬಿಸಿ ಕಬ್ಬಿಣ, ಅರ. ಬೆರಳಿನ ತುದಿಗಳು ನುಣ್ಣಗೆ ಸವೆದುಹೋಗಿವೆ. ಪಿಂಚಣಿ ಪಡೆಯುವವರು ವರ್ಷಕ್ಕೊಮ್ಮೆ ತಾವು ಬದುಕಿದ್ದೇವೆ ಎಂದು ತೋರಿಸಬೇಕಲ್ಲ, ಅದಕ್ಕೆ ಜೀವನ ಪ್ರಮಾಣಪತ್ರ ಎನ್ನುತ್ತಾರೆ. 2014ರಿಂದ ಅದು ಬೆರಳಚ್ಚು ಒತ್ತಿ ಕೊಡುವ ಡಿಜಿಟಲ್ ರೂಪದಲ್ಲೂ ಬಂದಿದೆ. ಅಜ್ಜನನ್ನು ಕರೆದುಕೊಂಡು ಹೋಗುವ ಕೆಲಸ ನನ್ನದು, ಮಕ್ಕಳು ಬೆಂಗಳೂರಿನಲ್ಲಿ. ಹೆಬ್ಬೆರಳು ಇಟ್ಟರು, ಹೊಂದಲಿಲ್ಲ. ತೋರುಬೆರಳು, ಹೊಂದಲಿಲ್ಲ. ಕೈ ತೊಳೆದುಕೊಂಡು ಬನ್ನಿ ಎಂದರು. ತೊಳೆದು ಬಂದರು. ತಲೆಗೆ ಒರೆಸಿ ಇಡಿ, ಎಣ್ಣೆ ಪಸೆಗೆ ಹಿಡಿಯುತ್ತದೆ ಎಂದರು. ಅಜ್ಜನ ತಲೆಯಲ್ಲಿ ಕೂದಲೇ ಇಲ್ಲ. ಹತ್ತೂ ಬೆರಳು ಮುಗಿದ ಮೇಲೆ ಕೂತಿದ್ದ ಹುಡುಗ ಬೇಜಾರಿನಿಂದಲೇ ಹೇಳಿದ: 'ಸಿಸ್ಟಮ್ ತಗೊಳ್ತಿಲ್ಲ ಅಜ್ಜ, ಇನ್ನೊಂದು ದಿನ ಬನ್ನಿ.' ಅವನನ್ನು ದೂರಿ ಪ್ರಯೋಜನವಿಲ್ಲ, ನನ್ನದೇ ವಯಸ್ಸಿನವನು.

ಅಜ್ಜ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ನನ್ನ ಕಡೆ ತಿರುಗಿ, 'ಪುಟ್ಟೀ, ನಾನು ಇದೀನೋ ಇಲ್ವೋ ಅಂತ ನಿನಗಾದ್ರೂ ಅನುಮಾನ ಇಲ್ಲ ತಾನೇ?' ಎಂದು ಕೇಳಿದರು. ನಕ್ಕರು ಕೂಡಾ. ಪಿಂಚಣಿ ಮೂರು ತಿಂಗಳು ನಿಂತಿತು. ಆಮೇಲೆ ಮುಖ ತೋರಿಸಿ ಮಾಡಿಸುವ ಆ್ಯಪ್ ಇದೆ ಎಂದು ಯಾರೋ ಹೇಳಿ, ನನ್ನ ಫೋನಿನಲ್ಲೇ ಮಾಡಿಸಿದೆವು. ಆ ಮೂರು ತಿಂಗಳು ಅಜ್ಜ ಯಾವ ಲೆಕ್ಕದಲ್ಲಿದ್ದರು? ಮಡಕೆ ಒಡೆಯಲಿಲ್ಲ, ಮಂತ್ರ ಹೇಳಲಿಲ್ಲ, ಅಷ್ಟೇ ವ್ಯತ್ಯಾಸ. ಅಜ್ಜಿ ಮಾತ್ರ ದಿನಸಿ ಅಂಗಡಿಯವನಿಗೆ 'ಇವ್ರು ಬದುಕಿದಾರೆ ಅಂತ ಆಗ್ಲಿ, ಕೊಟ್ಟುಬಿಡ್ತೀನಿ' ಎಂದು ಸಾಲ ಬರೆಸುತ್ತಿದ್ದರು.

'ಘಟಶ್ರಾದ್ಧ' ಮತ್ತು 'ತಬರನ ಕಥೆ' ಎರಡನ್ನೂ ಓದಿರದಿದ್ದರೆ ಇದು ಕಥೆ ಎಂದು ನನಗೆ ಹೊಳೆಯುತ್ತಲೇ ಇರಲಿಲ್ಲ, ಒಂದು ಹಾಳು ಮಧ್ಯಾಹ್ನ ಎಂದು ಮರೆತುಬಿಡುತ್ತಿದ್ದೆ. ಇಲ್ಲಿ ಯಾರೂ ಸತ್ತಿಲ್ಲ, ಆದರೂ ಇದು ಸಾವಿನ ಕಥೆಯೇ. ಸ್ಪರ್ಧೆಗೆ ಬರುವ ಕಟ್ಟಿನಲ್ಲಿ ಇಂಥದ್ದೊಂದಾದರೂ ಸಿಕ್ಕೀತೇ ಎಂದು ಹುಡುಕುತ್ತೇನೆ. ಬರೆಯುವವರಲ್ಲಿ ಅರ್ಧ ಜನರ ಮನೆಯಲ್ಲಿ ಇಂಥ ಅಜ್ಜ ಅಜ್ಜಿಯರು ಇದ್ದೇ ಇರುತ್ತಾರೆ.

ನನ್ನ ಗೆಳತಿ ಇದಕ್ಕೆ ಒಂದು ಗಟ್ಟಿ ಉತ್ತರ ಕೊಟ್ಟಳು, ಅದನ್ನೂ ಬರೆಯದಿದ್ದರೆ ಸರಿಯಾಗುವುದಿಲ್ಲ. 'ನೀನು ಹೇಳೋದು ಅಜ್ಜಂದಿರ ಸಾವು. ನಮ್ಮ ವಯಸ್ಸಿನವರಿಗೆ ಒಳಗೆ ಎಷ್ಟು ಸಂಕಟ ಇರುತ್ತೆ ಗೊತ್ತಾ? ಅದನ್ನ ಹೇಳೋಕೆ ಬೇರೆ ದಾರಿ ಇಲ್ಲದೆ ಕಥೆಯ ಹುಡುಗೀನ ಸಾಯಿಸ್ತಾರೆ. ಅದು ಸುಳ್ಳಲ್ಲ' ಎಂದಳು. ಸುಳ್ಳಲ್ಲ, ಒಪ್ಪುತ್ತೇನೆ. ಪರೀಕ್ಷೆ, ಪ್ರೀತಿ, ಜಾತಿ, ಮನೆಯ ಸಾಲ, ಯಾವುದರ ನೋವೂ ಸಣ್ಣದಲ್ಲ. ಅಂಥ ಕಥೆಯೊಂದನ್ನು ಓದಿ ಬರೆದವಳ ನಂಬರಿಗೆ ಫೋನ್ ಮಾಡಿ ಸುಮ್ಮನೆ 'ಹೇಗಿದ್ದೀಯಾ' ಎಂದು ಕೇಳಿದ್ದೂ ಇದೆ. ಕಥೆ ಓದುವವರಿಗೆ ಆ ಕೆಲಸವೂ ಇದೆ ಎಂದು ಅಂದುಕೊಂಡಿದ್ದೇನೆ.

ಆದರೆ ಆ ಕಥೆಗಳ ಮೇಲೆ ನನಗಿರುವ ಸಿಟ್ಟು ಬೇರೆ. ಅವು ಹುಡುಗಿಯ ನೋವನ್ನು ನಂಬುವುದಿಲ್ಲ. ಹತ್ತು ಪುಟ ಅವಳ ಕಣ್ಣು, ಕೂದಲು, ಮಳೆ, ಬಸ್ ನಿಲ್ದಾಣ. ಅವಳಿಗೆ ಏನಾಗುತ್ತಿದೆ ಎಂಬುದಕ್ಕೆ ನಾಲ್ಕು ಸಾಲು. ಆಮೇಲೆ ಸಾವು, ಅದೂ ಬಹಳ ಚಂದವಾಗಿ. ಬಿಳಿ ಹೂವು, ತಡವಾಗಿ ಬಂದ ಹುಡುಗ, ಅವನ ಕಣ್ಣೀರು. ಸತ್ತಮೇಲಷ್ಟೇ ಅವಳ ಬೆಲೆ ಎಲ್ಲರಿಗೂ ತಿಳಿಯುತ್ತದೆ. ಇದನ್ನು ಸಂಕಟದಲ್ಲಿರುವ ಇನ್ನೊಬ್ಬಳು ಓದಿದರೆ ಏನು ಕಲಿಯುತ್ತಾಳೆ? ಸತ್ತರೆ ಮಾತ್ರ ಕೇಳಿಸಿಕೊಳ್ಳುತ್ತಾರೆ ಎಂದಲ್ಲವೇ? ಇದು ಹಸಿ ಸುಳ್ಳು. ಸಾವಿನ ಮನೆಯಲ್ಲಿ ಕೇಳಿಸಿಕೊಳ್ಳುವವರು ಯಾರೂ ಇರುವುದಿಲ್ಲ, ಎಲ್ಲರೂ ಮಾತಾಡುತ್ತಿರುತ್ತಾರೆ. ಮೊದಲ ಅರ್ಧ ಗಂಟೆಯಲ್ಲೇ ಊರು ಒಂದು ಕಾರಣ ಕಟ್ಟಿಕೊಡುತ್ತದೆ, ಮತ್ತೆ ಅದನ್ನು ಯಾರಿಂದಲೂ ಬದಲಿಸಲಾಗುವುದಿಲ್ಲ. ಅಮ್ಮ ಆರು ತಿಂಗಳಾದರೂ ಒಂದು ತಟ್ಟೆ ಹೆಚ್ಚು ಹಾಕಿ ಎತ್ತಿಡುತ್ತಿರುತ್ತಾಳೆ. ತಮ್ಮನಿಗೆ ಅಕ್ಕನ ಫೋನು ಬಂದಿರುತ್ತದೆ, ಅದರ ಲಾಕ್ ತೆಗೆಯಲು ಅವನಿಗೆ ಧೈರ್ಯ ಸಾಲುವುದಿಲ್ಲ. ಅವಳು ಕೂರುತ್ತಿದ್ದ ಬೆಂಚಿನಲ್ಲಿ ಜೂನ್ ತಿಂಗಳಿಗೆ ಬೇರೆ ಹುಡುಗಿ ಕೂರುತ್ತಾಳೆ. ಕಥೆ ಬರೆಯುವವರು ಈ ಮನೆಯೊಳಗೆ ಹೋಗಲಿ. ಅಲ್ಲಿಂದ ಶುರು ಮಾಡಿ ಹಿಂದಕ್ಕೆ ಹೋಗಲಿ, ಅವಳು ಬದುಕಿದ್ದಾಗ ಎಲ್ಲೆಲ್ಲಿ ಬಾಯಿ ತೆರೆದಿದ್ದಳು, ಯಾರು ಯಾರು ಮುಖ ತಿರುಗಿಸಿದರು ಎಂದು ನೋಡಲಿ. ಹಾಗೆ ನೋಡುತ್ತಾ ಹೋದರೆ ಎಷ್ಟೋ ಕಡೆ ಅವಳನ್ನು ಉಳಿಸಬಹುದಾಗಿತ್ತು ಎಂದು ಕಾಣುತ್ತದೆ. ಕಥೆಗಾರರಿಗೇ ಅದು ಕಂಡರೆ ಸಾಯಿಸುವ ಕೈ ತಡೆದೀತು.

ಹಾಗೆಂದು ಕೊನೆಯಲ್ಲಿ ಸಾವು ತಂದ ಕಥೆಗಳೆಲ್ಲಾ ಕೆಟ್ಟವು ಎಂದೇನೂ ಅಲ್ಲ. ಕುವೆಂಪು ಅವರ 'ಯಾರೂ ಅರಿಯದ ವೀರ' ನಮಗೆಲ್ಲಾ ಗೊತ್ತಿರುವ ಕಥೆ. ತುಂಬಿದ ಹೊಳೆ, ಮುಳುಗುವ ದೋಣಿ, ಒಡೆಯನ ಮನೆಯವರನ್ನು ಉಳಿಸಲು ನೀರಿಗೆ ಹಾರುವ ಆಳು ಲಿಂಗ. ಅವನು ಸಾಯುವುದು ಕೊನೆಗೇ. ಆದರೆ ಹೆಸರು ನೋಡಿ, ಆ ಸಾವು ಯಾರ ಲೆಕ್ಕಕ್ಕೂ ಸೇರಲಿಲ್ಲ ಎಂಬ ಮಾತು ತಲೆಬರಹದಲ್ಲೇ ಇದೆ. ಆಳಿನ ಜೀವ ಹೋದರೆ ಅದು ಸುದ್ದಿಯಲ್ಲ ಎಂಬುದನ್ನು ಕುವೆಂಪು ಮೊದಲೇ ಹೇಳಿ, ಆಮೇಲೆ ಕಥೆ ಹೇಳಿದ್ದಾರೆ. ಲಿಂಗನ ನಿಷ್ಠೆಯನ್ನು ಈಗ ಓದುವಾಗ ನನಗೆ ಸ್ವಲ್ಪ ಕಸಿವಿಸಿಯಾಗುತ್ತದೆ, ನಿಜ. ಒಡೆಯನೇಕೆ ಹಾರಲಿಲ್ಲ ಎಂದು ಪ್ರೈಮರಿ ಶಾಲೆಯಲ್ಲಿರುವ ನನ್ನ ತಂಗಿ ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ. ಓದಿದವರ ಬಾಯಲ್ಲಿ ಹೀಗೊಂದು ಪ್ರಶ್ನೆ ಬರಿಸುವ ಸಾವಾದರೆ ಕೊನೆಯಲ್ಲಿ ಬಂದರೂ ಚಿಂತೆಯಿಲ್ಲ.

ಸಾವೇ ಇಲ್ಲದೆ ಎದೆ ನಡುಗಿಸಲು ಲಂಕೇಶರನ್ನು ಓದಬೇಕು. ಪಿಯುಸಿಯಲ್ಲಿ 'ಮುಟ್ಟಿಸಿಕೊಂಡವನು' ಓದಿದವರಿಗೆ ಬಸಲಿಂಗನ ಕಣ್ಣು ಮರೆಯುವುದಿಲ್ಲ. ಚಿಕಿತ್ಸೆ ಕೊಟ್ಟ ಡಾಕ್ಟರ್ ತಿಮ್ಮಪ್ಪನ ಜಾತಿ ತಿಳಿದ ಮೇಲೆ ಮೈಲಿಗೆ ಕಳೆಯಲು ಸ್ನಾನ ಮಾಡಿ, ಕಣ್ಣನ್ನು ಹಾಳು ಮಾಡಿಕೊಳ್ಳುತ್ತಾನೆ. ಅವನನ್ನು ಸಾಯಿಸುವುದು ಲಂಕೇಶರಿಗೆ ಎಷ್ಟು ಸುಲಭವಿತ್ತು! ಸಾಯಿಸಲಿಲ್ಲ. ಬದುಕಲು ಬಿಟ್ಟರು, ತನ್ನ ತಪ್ಪನ್ನು ಹೊತ್ತು ಓಡಾಡಲು ಬಿಟ್ಟರು. ತೇಜಸ್ವಿಯವರದ್ದೇ 'ಡೇರ್ ಡೆವಿಲ್ ಮುಸ್ತಾಫಾ' ಇನ್ನೊಂದು. 2023ರಲ್ಲಿ ಅಭಿಮಾನಿಗಳೇ ದುಡ್ಡು ಹಾಕಿ ಸಿನಿಮಾ ಮಾಡಿದಾಗ ನಾವೆಲ್ಲಾ ಗುಂಪು ಕಟ್ಟಿಕೊಂಡು ನೋಡಿದೆವು. ಹಿಂದೂ ಮುಸ್ಲಿಂ ಎಂಬ ಬಿಸಿ ಕೆಂಡವನ್ನು ಹಿಡಿದುಕೊಂಡು, ಒಂದು ಹೆಣವನ್ನೂ ಬೀಳಿಸದೆ, ಕ್ರಿಕೆಟ್ ಆಟದಲ್ಲಿ ಕಥೆ ನಡೆಸಿದ ಮನುಷ್ಯ ಅವರು. ನಮ್ಮ ಸ್ಪರ್ಧೆಯಲ್ಲಿ ಆ ವಿಷಯ ಸಿಕ್ಕಿದ್ದರೆ ಮುಸ್ತಾಫಾ ಎರಡನೇ ಪುಟ ದಾಟುತ್ತಿರಲಿಲ್ಲ.

ನಮ್ಮ ಭದ್ರಾವತಿಯ ಬಗ್ಗೆ ಒಂದಿಷ್ಟು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಮಲೆನಾಡಿನ ಅಗ್ರಹಾರ, ಕಾಡು, ತೋಟ ಎಲ್ಲಾ ಕನ್ನಡದ ಕಥೆಗಳಲ್ಲಿ ಧಾರಾಳವಾಗಿ ಬಂದಿವೆ. ಸಾಗರದ ನಾ. ಡಿಸೋಜ ಲೋಕೋಪಯೋಗಿ ಇಲಾಖೆಯಲ್ಲಿ ಕೆಲಸ ಮಾಡುತ್ತಾ ಶರಾವತಿಯ ಮುಳುಗಡೆಯನ್ನು ಹತ್ತಿರದಿಂದ ಕಂಡು ಬರೆದರು. ಊರಿಗೆ ಊರೇ ಸಾಯುವುದು ಹೇಗಿರುತ್ತದೆ ಎಂದು 'ಮುಳುಗಡೆ', 'ದ್ವೀಪ'ಗಳಿಂದ ನಾಡಿಗೆ ಗೊತ್ತಾಯಿತು. ಭದ್ರಾವತಿ ಮಾತ್ರ ನನ್ನ ಓದಿಗೆ ಸಿಕ್ಕಿದ್ದು ಬಹಳ ಕಡಿಮೆ. 1923ರಲ್ಲಿ ಕಬ್ಬಿಣದ ಕಾರ್ಖಾನೆ ಶುರುವಾದ ಊರಿದು. ಸರಿಯಾಗಿ ನೂರ ವರ್ಷಕ್ಕೆ, 2023ರ ಜನವರಿಯಲ್ಲಿ, ಅದನ್ನು ಮುಚ್ಚುವ ತೀರ್ಮಾನ ಬಂತು. ಆಮೇಲೆ ಹೋರಾಟ, ಮನವಿ, ಮತ್ತೆ ಒಂದಿಷ್ಟು ಕೆಲಸ. ಕಾಗದ ಕಾರ್ಖಾನೆ ಅದಕ್ಕೂ ಮೊದಲೇ ನಿಂತಿತ್ತು. ಕನ್ನಡದ ಎಷ್ಟೋ ಪತ್ರಿಕೆ, ಪುಸ್ತಕಗಳಿಗೆ ಕಾಗದ ಕೊಟ್ಟ ಊರಿನ ಕಥೆ ಕಾಗದದ ಮೇಲೆ ಬಂದಿಲ್ಲ ಎಂದರೆ ಏನು ಹೇಳೋಣ?

ಇಲ್ಲಿ ಸಾವು ಒಂದು ದಿನದ ಸಂಗತಿಯಲ್ಲ. ಕ್ವಾರ್ಟರ್ಸ್ ಸಾಲಿನಲ್ಲಿ ಒಂದು ಮನೆ ಖಾಲಿಯಾಗುತ್ತದೆ, ಕಿಟಕಿಗೆ ಬಳ್ಳಿ ಹತ್ತುತ್ತದೆ, ಆರು ತಿಂಗಳಿಗೆ ಪಕ್ಕದ್ದೂ ಖಾಲಿ. ಸೈರನ್ ಕೇಳಿ ಗಡಿಯಾರ ಸರಿ ಮಾಡಿಕೊಳ್ಳುತ್ತಿದ್ದವರು ಈಗ ಫೋನ್ ನೋಡುತ್ತಾರೆ. ಶಿಫ್ಟ್ ಮುಗಿಸಿ ಬರುವವರನ್ನು ನಂಬಿ ಸಾಯಂಕಾಲಕ್ಕೆ ಬೋಂಡಾ ಕರಿಯುತ್ತಿದ್ದವರು ಹಿಟ್ಟು ಕಲಸುವುದನ್ನು ದಿನಕ್ಕೊಂದು ಹಿಡಿ ಕಡಿಮೆ ಮಾಡುತ್ತಾ ಬಂದರು, ಒಂದು ದಿನ ಬಾಣಲೆ ಇಡಲಿಲ್ಲ. ಆ ದಿನ ಯಾವುದು ಎಂದು ಕೇಳಿದರೆ ಅವರಿಗೂ ನೆನಪಿಲ್ಲ. ಇದನ್ನು ಕೊನೆಯ ಪ್ಯಾರಾದ ಬೈಕ್ ಅಪಘಾತ ಹೇಳಲಾರದು.

ಮುಂದಿನ ಸಲ ಕಥೆ ಕಳಿಸುವವರಿಗೆ ನನ್ನದೊಂದು ಕೋರಿಕೆ ಇದೆ. ನಿಮ್ಮ ಕಥೆಯಲ್ಲಿ ಯಾರಾದರೂ ಸಾಯಲೇಬೇಕಾದರೆ ಮೊದಲ ಪ್ಯಾರಾದಲ್ಲೇ ಸಾಯಲಿ. ಬರೆದಾದ ಕಥೆಯಿದ್ದರೆ ಕೊನೆಯ ಪ್ಯಾರಾವನ್ನು ಕತ್ತರಿಸಿ ಮೇಲಕ್ಕೆ ಅಂಟಿಸಿ, ಅಲ್ಲಿಂದ ಮುಂದೆ ಬರೆಯಿರಿ. ಏನು ಬರೆಯುವುದು ಎಂದು ತೋಚದಿದ್ದರೆ ಒಂದು ಬೆಳಿಗ್ಗೆ ಹೊಳೆಹೊನ್ನೂರು ಕಡೆಯ ಬಸ್ಸು ಹತ್ತಿ. ತುಂಗೆ ಭದ್ರೆ ಸೇರುವ ಕೂಡ್ಲಿಗೆ ಅಸ್ಥಿ ಬಿಡಲು ಹೋಗುವವರು ಯಾರಾದರೂ ಸಿಗುತ್ತಾರೆ. ಮೊನ್ನೆ ನನ್ನ ಮುಂದಿನ ಸೀಟಿನಲ್ಲಿ ಒಬ್ಬರು ಮಡಿಲಲ್ಲಿ ಬಟ್ಟೆ ಸುತ್ತಿದ ಕುಡಿಕೆ ಇಟ್ಟುಕೊಂಡು ಕೂತಿದ್ದರು, ಪಕ್ಕದಲ್ಲಿ ಮಗ. ಕಂಡಕ್ಟರ್ ಬಂದು 'ಎಷ್ಟು ಜನ?' ಎಂದು ಕೇಳಿದ. ಅವರು ಬಾಯಿ ತಪ್ಪಿ 'ಮೂರು' ಎಂದರು. ಮಗ ಅವರ ಕೈ ಒತ್ತಿ 'ಎರಡು ಕೊಡಿ' ಎಂದ. ಕಂಡಕ್ಟರ್ ಎರಡು ಟಿಕೆಟ್ ಹರಿದು, ಚಿಲ್ಲರೆ ಇಲ್ಲ, ಇಳಿಯುವಾಗ ಕೇಳಿ ಎಂದು ಮುಂದೆ ಹೋದ.